ಊರು ಬಿಡದವನ ಊರಿಗೆ

ಮೊದಲ ದಿನ: ನ್ಯೂಕ್ಯಾಸಲ್

ಮಗಳ ಅಡುಗೆಮನೆಯ ಕಪಾಟಿನಲ್ಲಿದ್ದ ಕಾಳುಮೆಣಸಿನ ಡಬ್ಬಿಯ ಮೇಲೆ ‘ವಿಯೆಟ್ನಾಂ’ ಎಂದು ಅಚ್ಚಾಗಿತ್ತು. ಎರಡು ವಿಮಾನ ಹತ್ತಿ ಇಳಿದು, ಮಂಪರುಗಣ್ಣಿನಲ್ಲಿ ಕುಳಿತಿದ್ದ ನನಗೆ ಅದನ್ನು ಓದಿ ಪೂರ್ತಿ ಎಚ್ಚರವಾಯಿತು. ಶಿರಸಿ ಸೀಮೆಯ ತೋಟದವನ ಮಗಳು ವಿಯೆಟ್ನಾಂ ಮೆಣಸು ತಿನ್ನುವುದೇ? ಸೂಟ್‌ಕೇಸ್ ಬಿಚ್ಚಿ, ಮನೆಯ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ದು ಅಂಗಳದಲ್ಲಿ ಒಣಗಿಸಿದ ಅರ್ಧ ಕಿಲೋ ಮೆಣಸಿನ ಪೊಟ್ಟಣವನ್ನು ಆ ಡಬ್ಬಿಯ ಪಕ್ಕದಲ್ಲಿ ಇಟ್ಟೆ. ‘ಅಪ್ಪಾ, ಅಂಗಡಿಯಲ್ಲಿ ಸಿಗುವುದು ಅದೇ. ಮೊದಲು ಊಟ ಮಾಡು’ ಎಂದಳು ಮಗಳು.

ಊಟದ ಬಳಿಕ ಊರಿಗೆ ಫೋನ್ ಮಾಡಿದೆವು. ನನ್ನವಳು ಬರಲಿಲ್ಲ, ಕೊಟ್ಟಿಗೆಯಲ್ಲಿ ಹಸು ಕರು ಹಾಕುವ ದಿನ ಹತ್ತಿರವಿತ್ತು. ‘ಆ ಬೀಡಾ ಯಾರೋ ಸಿಕ್ಕಿದರೇ?’ ಎಂದು ಕೇಳಿದಳು. ಬೀಡಾ ಅಲ್ಲ, ಬೀಡ್. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಸುಮಾರು ಕ್ರಿ.ಶ. 673ರಲ್ಲಿ ಹುಟ್ಟಿ, 735ರಲ್ಲಿ ತೀರಿಕೊಂಡ ಕ್ರೈಸ್ತ ಸನ್ಯಾಸಿ. ಇಂಗ್ಲಿಷ್ ಜನಾಂಗದ ಧಾರ್ಮಿಕ ಇತಿಹಾಸವನ್ನು ಲ್ಯಾಟಿನ್ನಿನಲ್ಲಿ ಐದು ಸಂಪುಟಗಳಲ್ಲಿ ಬರೆದು 731ರಲ್ಲಿ ಮುಗಿಸಿದವನು. ಆ ದೇಶದ ಮೊದಲ ಆರೇಳು ಶತಮಾನಗಳ ಬಗ್ಗೆ ಇವತ್ತು ಯಾರೇ ಏನೇ ಬರೆಯಲಿ, ಒಂದು ಕಾಲು ಅವನ ಪುಸ್ತಕದ ಮೇಲೆ ಊರಿರಲೇಬೇಕು. ಏಳನೆಯ ವಯಸ್ಸಿಗೆ ಮಠಕ್ಕೆ ಸೇರಿಸಲ್ಪಟ್ಟವನು ಕೊನೆಯವರೆಗೂ ಅಲ್ಲಿಯೇ ಇದ್ದ. ಉತ್ತರಕ್ಕೆ ಒಮ್ಮೆ ಲಿಂಡಿಸ್‌ಫಾರ್ನ್ ದ್ವೀಪ, ದಕ್ಷಿಣಕ್ಕೆ ಒಮ್ಮೆ ಯಾರ್ಕ್: ಅವನ ದೇಶಸಂಚಾರ ಎಂದು ಲೆಕ್ಕ ಹಾಕಲು ಹೊರಟರೆ ಹೆಚ್ಚುಕಡಿಮೆ ಇಷ್ಟೇ. ಹೆಸರು ಬೀಡ್ ಆದದ್ದಕ್ಕೋ ಏನೋ, ಬೀಡು ಬಿಟ್ಟು ಕದಲಲಿಲ್ಲ.

ನನಗೆ ಇವನ ಗೊಡವೆ ಏಕೆಂದರೆ, ಅದೊಂದು ಹಳೆಯ ಸಾಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿದವನು ನಾನು. ಕರಿಹಲಗೆಯ ಮೇಲೆ ‘ಕ್ರಿ.ಶ.’ ಎಂದು ಎಷ್ಟು ಸಾವಿರ ಸಲ ಬರೆದಿದ್ದೇನೋ. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಸರ್, ಕ್ರಿಸ್ತ ಹುಟ್ಟಿದಾಗ ಇದು ಒಂದನೇ ವರ್ಷ ಎಂದು ಯಾರಿಗೂ ಗೊತ್ತಿರಲಿಲ್ಲವಲ್ಲ, ಆಮೇಲೆ ಕುಳಿತು ಎಣಿಸಿದವರು ಯಾರು?’ ಎಂದು ಕೇಳಿದ. ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ‘ಪರೀಕ್ಷೆಗೆ ಬರುವುದನ್ನು ಕೇಳು, ಕುಳಿತುಕೋ’ ಎಂದು ಗದರಿದೆ. ಹುಡುಗ ಕುಳಿತುಕೊಂಡ, ಪ್ರಶ್ನೆ ನಿಂತೇ ಇತ್ತು. ನಿವೃತ್ತನಾದ ಮೇಲೆ ಅದರ ಬೆನ್ನು ಹತ್ತಿ ಓದುತ್ತ ಹೋದಾಗ ಸಿಕ್ಕಿದವನು ಬೀಡ್. ಮಗಳಿಗೆ ಕೆಲಸ ಸಿಕ್ಕಿದ್ದು ಅವನ ಮಠದಿಂದ ಹತ್ತು ಕಿಲೋಮೀಟರಿನ ಒಳಗೆ ಎಂಬುದು ನನ್ನ ಪುಣ್ಯ.

ರಾತ್ರಿ ಒಂಬತ್ತಾದರೂ ಹೊರಗೆ ಬೆಳಕಿತ್ತು. ಮೇ ತಿಂಗಳೆಂದು ಸ್ವೆಟರ್ ಒಂದನ್ನೇ ತಂದಿದ್ದೆ. ತಪ್ಪು ಮಾಡಿದೆ.

ಎರಡನೆಯ ದಿನ: ಜಾರೋ

ಮಗಳಿಗೆ ಕಚೇರಿ, ಒಬ್ಬನೇ ಹೊರಟೆ. ಸೌತ್ ಶೀಲ್ಡ್ಸ್ ಕಡೆಗೆ ಹೋಗುವ ಮೆಟ್ರೊ ಟೈನ್ ನದಿಯನ್ನು ದಾಟಿ ಪೂರ್ವಕ್ಕೆ ತಿರುಗುತ್ತದೆ. ಹೆಬ್‌ಬರ್ನ್, ಜಾರೋ, ಅದರ ಮುಂದಿನ ನಿಲ್ದಾಣದ ಹೆಸರೇ ‘ಬೀಡ್’. ಇತಿಹಾಸಕಾರನ ಹೆಸರಿನಲ್ಲಿ ಮೆಟ್ರೊ ನಿಲ್ದಾಣ! ಇಳಿದು ಸಂಭ್ರಮದಿಂದ ಸುತ್ತ ನೋಡಿದರೆ ಗೋದಾಮುಗಳು, ತಂತಿ ಬೇಲಿ, ಲಾರಿಗಳು. ಇಳಿದವನು ನಾನೊಬ್ಬನೇ.

ಇದು ಹಡಗು ಕಟ್ಟುವವರ ಊರಾಗಿತ್ತು. ಹಡಗುಕಟ್ಟೆ ಮುಚ್ಚಿ ಕೆಲಸ ಹೋದಾಗ, 1936ರ ಅಕ್ಟೋಬರಿನಲ್ಲಿ ಇಲ್ಲಿನ ಸುಮಾರು ಇನ್ನೂರು ಗಂಡಸರು ಮನವಿ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಲಂಡನ್ನಿನವರೆಗೆ ನಡೆದರು. ಜಾರೋ ಎಂದರೆ ಇಂಗ್ಲಿಷರಿಗೆ ನೆನಪಾಗುವುದು ಮೊದಲು ಆ ನಡಿಗೆ, ಆಮೇಲೆ ಬೀಡ್. ಕೂತಲ್ಲೇ ಕೂತವನ ಊರಿಗೆ ನಡೆದವರಿಂದ ಹೆಸರು ಬಂತು.

ಡಾನ್ ಎಂಬ ಹಳ್ಳ ಕೆಸರು ದಂಡೆಗಳ ನಡುವೆ ಸುತ್ತಿಕೊಂಡು ಟೈನ್ ಸೇರುವ ಜಾಗದ ಹತ್ತಿರ ಸಂತ ಪಾಲನ ಚರ್ಚು. ಹೊರಗಿನಿಂದ ಅಂಥ ವೈಭವವೇನಿಲ್ಲ. ಮುಂದಿನ ಸಭಾಂಗಣ ಹತ್ತೊಂಬತ್ತನೆಯ ಶತಮಾನದ್ದು, ನಡುವಿನ ಗೋಪುರ ಹನ್ನೊಂದನೆಯ ಶತಮಾನದ್ದು. ಗೋಪುರದ ಅಡಿಯಿಂದ ಹಾದು ಒಳಗೆ ಹೋದರೆ ಇಕ್ಕಟ್ಟಾದ, ಎತ್ತರದ ಗೋಡೆಗಳ ಗರ್ಭಗುಡಿ. ಅದು ಮಾತ್ರ ಏಳನೆಯ ಶತಮಾನದ್ದು. ಬೀಡ್ ಅರುವತ್ತು ವರ್ಷದವನಾಗುವ ತನಕ ದಿನಕ್ಕೆ ಏಳೆಂಟು ಹೊತ್ತು ಪ್ರಾರ್ಥನೆಗೆ ನಿಂತ ಜಾಗ.

ಆದರೆ ನಾನು ಮೊದಲು ನೋಡಿದ್ದು ಕಮಾನಿನ ನೆತ್ತಿಯ ಮೇಲೆ ಕೂರಿಸಿದ ಶಾಸನವನ್ನು. ಅದಕ್ಕಾಗಿಯೇ ಬಂದವನು ನಾನು. ಇಂಗ್ಲೆಂಡಿನಲ್ಲಿ ಉಳಿದಿರುವ ಚರ್ಚಿನ ಪ್ರತಿಷ್ಠಾಪನಾ ಶಾಸನಗಳಲ್ಲೆಲ್ಲ ಹಳೆಯದು. ಅದರ ಅಕ್ಷರಗಳು ಹೇಳುವುದು ಇಷ್ಟು: ಮೇ ಕಲೆಂಡ್ಸ್‌ಗೆ (ಅಂದರೆ ಮೇ ತಿಂಗಳ ಮೊದಲ ದಿನಕ್ಕೆ) ಮುಂಚಿನ ಒಂಬತ್ತನೆಯ ದಿನ, ಎಗ್‌ಫ್ರಿತ್ ರಾಜನ ಹದಿನೈದನೆಯ ವರ್ಷ, ಮಠಾಧಿಪತಿ ಸೆಯೊಲ್‌ಫ್ರಿತ್‌ನ ನಾಲ್ಕನೆಯ ವರ್ಷ, ಈ ಗುಡಿಯ ಪ್ರತಿಷ್ಠೆ ಆಯಿತು. ನಮ್ಮ ಲೆಕ್ಕದಲ್ಲಿ ಅದು 685ರ ಏಪ್ರಿಲ್ 23. ಆದರೆ ಕಲ್ಲಿನಲ್ಲಿ 685 ಎಂಬ ಅಂಕಿ ಇಲ್ಲ! ಎಗ್‌ಫ್ರಿತ್ ಎಂಬ ರಾಜ ಯಾವಾಗ ಪಟ್ಟಕ್ಕೆ ಬಂದ ಎಂಬುದು ಗೊತ್ತಿಲ್ಲದವನಿಗೆ ಈ ಕಲ್ಲು ಮೂಕ. ಅದಕ್ಕಿಂತ ದೊಡ್ಡ ಚೋದ್ಯ, ಆ ಅಕ್ಷರಗಳ ಧೂಳು ಇಳಿಯುವ ಮುಂಚೆ, ಮೇ 20ರಂದು, ಉತ್ತರದ ಪಿಕ್ಟ್ ಜನರ ಮೇಲೆ ದಂಡೆತ್ತಿ ಹೋದ ಎಗ್‌ಫ್ರಿತ್ ಹತನಾದ. ನಾಲ್ಕು ವಾರ. ಮತ್ತೆ ಇನ್ನೊಬ್ಬ ರಾಜ, ಮತ್ತೆ ಒಂದನೆಯ ವರ್ಷ. ಆಗ ಬೀಡ್‌ಗೆ ಹನ್ನೆರಡೋ ಹದಿಮೂರೋ ವಯಸ್ಸು. ಕಾಲವನ್ನು ರಾಜನ ಆಯುಸ್ಸಿಗೆ ಕಟ್ಟಿಹಾಕಬಾರದು ಎಂದು ಆ ಹುಡುಗನಿಗೆ ಆಗಲೇ ಹೊಳೆದಿತ್ತು ಎಂದರೆ ಕಥೆ ಕಟ್ಟಿದ ಹಾಗಾಗುತ್ತದೆ. ಆದರೂ ಆ ಕಲ್ಲಿನ ಕೆಳಗೆ ನಿಂತಾಗ ಹಾಗೆ ಅನ್ನಿಸದೆ ಇರುವುದಿಲ್ಲ.

ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಐಹೊಳೆಗೆ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. ಮೇಗುಟಿಯ ಗೋಡೆಯ ಮೇಲೆ ರವಿಕೀರ್ತಿ ಬರೆಸಿದ ಶಾಸನ ಜಾರೋದ ಕಲ್ಲಿಗಿಂತ ಅರ್ಧ ಶತಮಾನ ಹಿರಿದು. ಅದರಲ್ಲಿ ಭಾರತ ಯುದ್ಧ ಕಳೆದು 3735 ವರ್ಷ, ಶಕ ವರ್ಷ 556 ಎಂದು ಎರಡೆರಡು ಎಣಿಕೆಗಳಿವೆ. ಹಾಗಾಗಿ ಪುಲಿಕೇಶಿ ಯಾವಾಗ ಪಟ್ಟವೇರಿದ ಎಂಬ ಜಗಳ ಮುಗಿಯದಿದ್ದರೂ ಕ್ರಿ.ಶ. 634ಕ್ಕೆ ಆ ಗುಡಿ ಅಲ್ಲಿತ್ತು ಎಂಬುದು ಗಟ್ಟಿ. ಜಾರೋದ ಬೆಂಚಿನ ಮೇಲೆ ಕುಳಿತು ನನಗೆ ಸ್ವಲ್ಪ ಜಂಭ ಬಂತು, ಸುಳ್ಳೇಕೆ. ಆದರೆ ಎಣಿಕೆ ನಮ್ಮಲ್ಲಿದ್ದರೂ, ಅದರ ದಾರಕ್ಕೆ ನೂರಾರು ಘಟನೆಗಳನ್ನು ಪೋಣಿಸಿ ಒಂದು ನಾಡಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಲು ಬಾದಾಮಿಯಲ್ಲಿ ಯಾರೂ ಕೂತಂತೆ ಕಾಣುವುದಿಲ್ಲ. ಈ ಇಕ್ಕಟ್ಟಿನ ಗುಡಿಯವನು ಕೂತ.

ಹುಡುಗನ ಪ್ರಶ್ನೆಗೆ ಉತ್ತರ ಹೀಗೆ. ಕ್ರಿಸ್ತನ ಜನನದಿಂದ ವರ್ಷ ಎಣಿಸುವ ಉಪಾಯ ಹೂಡಿದವನು ಬೀಡ್ ಅಲ್ಲ. ಸುಮಾರು 525ರಲ್ಲಿ ರೋಮಿನಲ್ಲಿದ್ದ ಡಯೊನೀಸಿಯಸ್ ಎಂಬ ಸನ್ಯಾಸಿ. ಅವನಿಗೆ ಬೇಕಾಗಿದ್ದದ್ದು ಈಸ್ಟರ್ ಹಬ್ಬದ ಪಟ್ಟಿಗೆ ಒಂದು ತಲೆಬರಹ ಮಾತ್ರ. ಅದೂ ನಾಲ್ಕಾರು ವರ್ಷ ತಪ್ಪಿತು: ಕ್ರಿಸ್ತ ಹುಟ್ಟುವಾಗ ಆಳುತ್ತಿದ್ದನೆನ್ನುವ ಹೆರೋದ ಕ್ರಿ.ಪೂ. 4ರಲ್ಲೇ ಸತ್ತಿದ್ದ. ಪಂಚಾಂಗದ ಮೂಲೆಯಲ್ಲಿ ಬಿದ್ದಿದ್ದ ಆ ಎಣಿಕೆಯನ್ನು ಬೀಡ್ 725ರಲ್ಲಿ ಕಾಲಗಣನೆಯ ದೊಡ್ಡ ಗ್ರಂಥವೊಂದರಲ್ಲಿ ವಿವರಿಸಿದ. ಆರು ವರ್ಷದ ಬಳಿಕ ತನ್ನ ಇತಿಹಾಸದ ಉದ್ದಕ್ಕೂ ಅದನ್ನೇ ಬಳಸಿದ. ಸೀಸರ್ ಬ್ರಿಟನ್ನಿಗೆ ಬಂದದ್ದನ್ನು ಹೇಳಲು ‘ಅವತಾರಕ್ಕೆ ಅರುವತ್ತು ವರ್ಷ ಮುಂಚೆ’ ಎಂದು ಹಿಂದಕ್ಕೂ ಎಣಿಸಿದ. ಪುಸ್ತಕ ಯುರೋಪಿನ ಮಠದಿಂದ ಮಠಕ್ಕೆ ನಕಲಾಗುತ್ತ ಹೋಯಿತು, ಜೊತೆಗೆ ಎಣಿಕೆಯೂ ಹೋಯಿತು. ನನ್ನ ಜೇಬಿನಲ್ಲಿದ್ದ ಮೆಟ್ರೊ ಟಿಕೆಟಿನ ಮೇಲಿನ ದಿನಾಂಕ ಅದೇ ದಾರಿಯಲ್ಲಿ ಬಂದದ್ದು.

ಕಲ್ಲಿನ ಫೋಟೊ ತೆಗೆದು, ಈ ವಿವರಣೆಯನ್ನೂ ಬರೆದು, ಆ ಹುಡುಗನಿಗೆ ವಾಟ್ಸ್‌ಆ್ಯಪ್ ಮಾಡಿದೆ. ಹುಡುಗ ಎಂದರೆ ಈಗ ನಲವತ್ತಾರು ದಾಟಿದ ಗ್ಯಾರೇಜು ಯಜಮಾನ. ಹತ್ತು ನಿಮಿಷದಲ್ಲಿ ಉತ್ತರ ಬಂತು: ‘ಸರ್, ಉತ್ತರ ಸರಿ ಇದೆ. ತಡವಾದ್ದರಿಂದ ಅರ್ಧ ಅಂಕ.’

ಗರ್ಭಗುಡಿಯ ದಕ್ಷಿಣ ಗೋಡೆಯಲ್ಲಿ ತಟ್ಟೆಯಗಲದ ಒಂದು ಕಿಟಕಿ. ನೀಲಿ, ಹಸಿರು, ಕಂದು ಗಾಜಿನ ಚೂರುಗಳು. ಮಠ ಕಟ್ಟಿದ ಬೆನೆಡಿಕ್ಟ್ ಬಿಸ್ಕಪ್ ಗಾಜಿನ ಕೆಲಸದವರನ್ನು ಈಗಿನ ಫ್ರಾನ್ಸಿನ ಕಡೆಯಿಂದ ಕರೆಸಿದ್ದ, ಏಕೆಂದರೆ ಇಲ್ಲಿ ಆ ವಿದ್ಯೆ ಯಾರಿಗೂ ಬರುತ್ತಿರಲಿಲ್ಲ ಎಂದು ಬೀಡ್ ಬರೆದಿದ್ದಾನೆ. 1963ರಿಂದ ಹದಿನೈದು ವರ್ಷ ಇಲ್ಲಿ ನೆಲ ಅಗೆಸಿದ ರೋಸ್‌ಮರಿ ಕ್ರ್ಯಾಂಪ್ ಎಂಬ ವಿದುಷಿಗೆ ಆ ಚೂರುಗಳು ಮಣ್ಣಿನಲ್ಲಿ ಸಿಕ್ಕಿದವು. ಪುಸ್ತಕದ ಮಾತನ್ನು ಮಣ್ಣು ಒಪ್ಪಿಕೊಂಡಿತು. ಮೋಡ ಸರಿದು ಬಿಸಿಲು ಬಂದಾಗ ಎದುರಿನ ಗೋಡೆಯ ಮೇಲೆ ರೂಪಾಯಿಯಗಲದ ನೀಲಿ ಬೆಳಕು ಬಿತ್ತು. ನಾನು ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಹೋಯಿತು.

‘ಬೀಡನ ಕುರ್ಚಿ’ ಎಂಬ ಹಳೆಯ ಓಕ್ ಮರದ ಆಸನವೂ ಅಲ್ಲಿದೆ. ಅವನ ಕಾಲದ್ದಲ್ಲ. ಆದರೂ ಜನ ಅದರ ಚಕ್ಕೆ ಕಿತ್ತು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರಂತೆ. ನಂಬಿಕೆಯ ವಿಷಯದಲ್ಲಿ ಜಾರೋಗೂ ನಮ್ಮೂರಿಗೂ ಅಂತರ ಕಡಿಮೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಅಲ್ಲಿ ಕೂರಿಸಿದ್ದು ಕಣ್ಣಿಗೆ ಕಾಣುವ ವಸ್ತುವಲ್ಲ. ಪ್ರತಿಷ್ಠೆಯಾದ ಮರುವರ್ಷ ಪ್ಲೇಗು ಬಂತು. ಸೆಯೊಲ್‌ಫ್ರಿತ್‌ನ ಜೀವನಚರಿತ್ರೆಯನ್ನು ಬರೆದ ಹೆಸರಿಲ್ಲದ ಸನ್ಯಾಸಿ ಹೇಳುವಂತೆ, ಹಾಡಿ ಪ್ರಾರ್ಥನೆ ನಡೆಸಬಲ್ಲವರೆಲ್ಲ ಸತ್ತು, ಉಳಿದವರು ಇಬ್ಬರೇ: ಮಠಾಧಿಪತಿ ಮತ್ತು ಒಬ್ಬ ಸಣ್ಣ ಹುಡುಗ. ಇಬ್ಬರಿಂದ ಆಗದು ಎಂದು ಒಂದು ವಾರ ಹಾಡಿನ ಭಾಗವನ್ನು ಬಿಟ್ಟು ನೋಡಿದರು. ಅಳು ತಡೆಯಲಾಗದೆ ಮತ್ತೆ ಪೂರ್ತಿ ಹಾಡಲು ಶುರುಮಾಡಿದರು. ಆ ಹುಡುಗನೇ ಬೀಡ್ ಎಂದು ಬಹಳ ವಿದ್ವಾಂಸರು ಊಹಿಸುತ್ತಾರೆ. ಬೀಡ್ ಮಾತ್ರ ಎಲ್ಲಿಯೂ ಇದನ್ನು ಹೇಳಿಕೊಂಡಿಲ್ಲ. ನಾನು ಮೆಲ್ಲಗೆ ಗಂಟಲು ಸರಿಪಡಿಸಿಕೊಂಡೆ. ಗೋಡೆಗಳು ಅದನ್ನು ಹಿಂದಿರುಗಿಸಿದವು. ಇಬ್ಬರ ದನಿ ಇಲ್ಲಿ ತುಂಬಿಕೊಂಡೀತು.

ಮೂರನೆಯ ದಿನ: ಮಂಕ್‌ವೇರ್‌ಮೌತ್

ಮಳೆ. ಸಂಡರ್‌ಲ್ಯಾಂಡಿನ ಸಂತ ಪೀಟರನ ಚರ್ಚು ಮೂಲಮಠ, 674ರದ್ದು. ಜಾರೋ ಅದರ ಅವಳಿ. ಬಾಲಕ ಬೀಡ್ ಮೊದಲು ಬಂದು ಸೇರಿದ್ದು ಇಲ್ಲಿಗೆ. ಉಡುಪಿಯ ಬಾಲಸನ್ಯಾಸಿಗಳನ್ನು ಕಂಡವರಿಗೆ ಇದು ವಿಚಿತ್ರವಲ್ಲ, ಆದರೂ ಏಳು ವರ್ಷ ಏಳು ವರ್ಷವೇ. ಪಶ್ಚಿಮದ ಗೋಡೆ ಮತ್ತು ಬಾಗಿಲ ಮಂಟಪ ಆ ಕಾಲದವು. ಬಾಗಿಲ ಪಕ್ಕದ ಕಲ್ಲಿನಲ್ಲಿ ಕೊಕ್ಕು ಹೆಣೆದುಕೊಂಡ ಎರಡು ಉದ್ದನೆಯ ಪ್ರಾಣಿಗಳು ಸವೆದು ಸವೆದು ಹಗ್ಗದ ಹಾಗೆ ಕಾಣುತ್ತವೆ. ಚಳಿಗೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಈ ಅವಳಿ ಮಠಗಳಲ್ಲಿ ಮೂರು ಮಹಾ ಬೈಬಲ್‌ಗಳನ್ನು ಬರೆಸಿದರು. ಉಳಿದ ಒಂದರ ತೂಕ ಸುಮಾರು 34 ಕಿಲೋ, ಅದಕ್ಕೆ ಬೇಕಾದ ಚರ್ಮ ಐನೂರಕ್ಕೂ ಹೆಚ್ಚು ಕರುಗಳದ್ದು. ಕೊಟ್ಟಿಗೆಯ ಕರುವಿನ ಸುದ್ದಿಗೆ ಕಾಯುತ್ತಿದ್ದವನಿಗೆ ಇದನ್ನು ಓದಿ ಹೊಟ್ಟೆ ತೊಳಸಿತು. 716ರಲ್ಲಿ ಎಪ್ಪತ್ತು ದಾಟಿದ ಸೆಯೊಲ್‌ಫ್ರಿತ್ ಆ ಪುಸ್ತಕವನ್ನು ಪೋಪರಿಗೆ ಒಪ್ಪಿಸುತ್ತೇನೆಂದು ಹೊರಟು, ದಾರಿಯಲ್ಲಿ ಲಾಂಗ್ರ್ ಎಂಬಲ್ಲಿ ತೀರಿಕೊಂಡ. ಪ್ಲೇಗಿನಲ್ಲಿ ಜೊತೆಗೆ ಹಾಡಿದನೆನ್ನುವ ಗುರು ಹಾಗೆ ಏಕಾಏಕಿ ಹೊರಟಾಗ ಬರೆಯುವ ಕೈ ನಿಂತುಹೋಯಿತು ಎಂಬ ಅರ್ಥದ ಮಾತನ್ನು ಬೀಡ್ ಒಂದು ವ್ಯಾಖ್ಯಾನದ ನಡುವೆ ಬರೆದಿದ್ದಾನೆ. ತನ್ನ ಬಗ್ಗೆ ಅಪರೂಪಕ್ಕೆ ಬಾಯಿ ಬಿಡುವವನು. ಪುಸ್ತಕದ ಅರ್ಪಣೆಯ ಪುಟದಲ್ಲಿ ಯಾರೋ ಸೆಯೊಲ್‌ಫ್ರಿತ್‌ನ ಹೆಸರು ಕೆರೆದು ಇಟಲಿಯ ಇನ್ನೊಬ್ಬನ ಹೆಸರು ಬರೆದರು; ನಮ್ಮ ಶಾಸನಗಳಲ್ಲಿ ಹೆಸರು ಹೊಡೆದುಹಾಕುವ ಹಾಗೆಯೇ. ಸತ್ಯ ಹೊರಬಿದ್ದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಪುಸ್ತಕ ಈಗ ಫ್ಲಾರೆನ್ಸಿನಲ್ಲಿದೆ.

ಸಂಜೆ ಮಗಳು ಕೇಳಿದಳು: ‘ಮಠ ಬಿಟ್ಟು ಹೋಗದವನು ದೇಶದ ಕಥೆ ಹೇಗೆ ಬರೆದ ಅಪ್ಪಾ? ಇದ್ದಲ್ಲೇ ಕೂತು ಊಹೆ ಮಾಡಿದನೇ?’

ಇಲ್ಲ ಕೂಸೇ, ಬರೆದು ಕೇಳಿದ. ಕ್ಯಾಂಟರ್‌ಬರಿಯ ಆಲ್ಬಿನಸ್ ದಕ್ಷಿಣದ ಸಂಗತಿಗಳನ್ನು ಕಳುಹಿಸಿಕೊಟ್ಟ. ಲಂಡನ್ನಿನ ನೊಥೆಲ್ಮ್ ಎಂಬ ಪಾದ್ರಿ ರೋಮಿಗೇ ಹೋಗಿ, ಪೋಪರ ಅಪ್ಪಣೆ ಪಡೆದು, ಅಲ್ಲಿನ ಭಂಡಾರದ ಹಳೆಯ ಪತ್ರಗಳನ್ನು ನಕಲು ಮಾಡಿ ತಂದ. ಪಶ್ಚಿಮದ ಸಂಗತಿಗೆ ಬಿಷಪ್ ಡೇನಿಯಲ್. ಯಾವ ಸೀಮೆಯ ವಿಷಯವನ್ನು ಯಾರಿಂದ ತಿಳಿದೆ ಎಂದು ಮುನ್ನುಡಿಯಲ್ಲಿ ಹೆಸರು ಹಿಡಿದು ಹೇಳಿದ್ದಾನೆ. ಜನರ ಬಾಯಿಂದ ಕೇಳಿದ್ದಾದರೆ ಕೇಳಿದ್ದು ಎನ್ನುತ್ತಾನೆ. ಬಳ್ಳಿಯ ಹಾಗೆ, ನೆಟ್ಟಲ್ಲೇ ಇದ್ದು ಮರ ಹಬ್ಬಿದ. ‘ಆಯಿತು, ಪಾಠ ಮುಗಿಯಿತೇ?’ ಎಂದಳು. ಮುಗಿದಿತ್ತು.

ನಾಲ್ಕನೆಯ ದಿನ: ಲಿಂಡಿಸ್‌ಫಾರ್ನ್

ಶನಿವಾರ. ಮಗಳು ಬಾಡಿಗೆ ಕಾರು ತಂದಳು. ಉತ್ತರಕ್ಕೆ ನೂರು ಕಿಲೋಮೀಟರು. ಹೊರಡುವ ಮುಂಚೆ ಅವಳು ನೋಡಿದ್ದು ನಕ್ಷೆಯನ್ನಲ್ಲ, ಉಬ್ಬರದ ವೇಳಾಪಟ್ಟಿಯನ್ನು. ದ್ವೀಪಕ್ಕೆ ಹೋಗುವ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದಲ್ಲಿ ಮುಳುಗುತ್ತದೆ. ರಸ್ತೆಯ ತುದಿಯಲ್ಲೇ ಒಂದು ಫಲಕ: ನೀರಿನಲ್ಲಿ ಮುಳುಗಿದ ಕಾರಿನ ಚಿತ್ರ, ‘ಇದು ನೀವೂ ಆಗಬಹುದು’ ಎಂಬ ಎಚ್ಚರಿಕೆ. ನಡುದಾರಿಯಲ್ಲಿ ಕಂಬಗಳ ಮೇಲೆ ಅಟ್ಟಣಿಗೆಯಂಥ ಒಂದು ಗೂಡು; ಲೆಕ್ಕ ತಪ್ಪಿದವರು ಹತ್ತಿ ಕೂರಲು. ಪಕ್ಕದಲ್ಲಿ ಹಳೆಯ ಯಾತ್ರಿಕರ ಕಾಲುದಾರಿಯನ್ನು ತೋರಿಸುವ ಗೂಟಗಳ ಸಾಲು ಮರಳಿನ ಮೇಲೆ ದೂರದವರೆಗೆ.

‘ದಿನಕ್ಕೆ ಎರಡು ಸಲ ಇದು ದ್ವೀಪ, ಎರಡು ಸಲ ನೆಲಕ್ಕೆ ಸೇರಿದ್ದು’ ಎಂದು ಬೀಡ್ ವರ್ಣಿಸಿದ್ದಾನೆ. ವರ್ಣಿಸಿ ಸುಮ್ಮನಾಗಲಿಲ್ಲ, ಲೆಕ್ಕ ಹಾಕಿದ. ಚಂದ್ರನ ಜೊತೆಗೆ ಉಬ್ಬರವೂ ದಿನದಿನಕ್ಕೆ ತಡವಾಗುತ್ತದೆ, ಎಷ್ಟು ತಡ ಎಂದರೆ ನಮ್ಮ ಗಡಿಯಾರದಲ್ಲಿ ಸುಮಾರು 47 ನಿಮಿಷ. ಒಂದೇ ಕರಾವಳಿಯಲ್ಲಿ ತನಗಿಂತ ಉತ್ತರದವರಿಗೆ ಉಬ್ಬರ ಮೊದಲು, ದಕ್ಷಿಣದವರಿಗೆ ಆಮೇಲೆ. ಪ್ರತಿ ರೇವಿಗೂ ಅದರದ್ದೇ ಹೊತ್ತು. ಇದನ್ನೂ ಪತ್ರ ಬರೆದೇ ತಿಳಿದಿರಬೇಕು.

ನನಗೆ ಕುಮಟೆಯ ಕಡೆಯ ಅಜ್ಜನ ಮನೆ ನೆನಪಾಯಿತು. ಅಘನಾಶಿನಿಯ ಹಿನ್ನೀರಿನ ಗಜನಿ ಗದ್ದೆಗೆ ಯಾವಾಗ ಉಪ್ಪುನೀರು ಏರುತ್ತದೆ ಎಂದು ಸೋದರಮಾವ ತಿಥಿ ನೋಡಿ ಹೇಳುತ್ತಿದ್ದ. ‘ಇವತ್ತಿನದಕ್ಕೆ ಎರಡು ಘಳಿಗೆ ಸೇರಿಸು, ನಾಳೆಯ ಭರತ’ ಎನ್ನುವುದು ಅವನ ಸೂತ್ರ. ಒಂದು ಘಳಿಗೆ ಎಂದರೆ 24 ನಿಮಿಷ. ಎರಡು ಘಳಿಗೆಗೆ 48. ಕಾರಿನಲ್ಲೇ ಬೆರಳ ಗೆಣ್ಣಿನ ಮೇಲೆ ಎಣಿಸಿ ನೋಡಿ ನಾನು ಜೋರಾಗಿ ನಕ್ಕೆ. ಮಗಳು ಬೆಚ್ಚಿ ಬ್ರೇಕ್ ಒತ್ತಿದಳು. ಅಂದ ಹಾಗೆ, ಬೀಡನ ಕಾಲಗಣನೆಯ ಗ್ರಂಥದ ಮೊದಲ ಅಧ್ಯಾಯವೇ ಬೆರಳಿನಲ್ಲಿ ಎಣಿಸುವುದು ಹೇಗೆ ಎಂಬುದು. ಬೆರಳು ಮಡಚಿ, ಕೈಯನ್ನು ಎದೆ ಸೊಂಟಗಳ ಮೇಲೆ ಇಟ್ಟು, ಹತ್ತು ಲಕ್ಷದವರೆಗೆ ಎಣಿಸಬಹುದಂತೆ. ಮಾವನೂ ಇವನೂ ಎದುರುಬದುರು ಕೂತಿದ್ದರೆ ಭಾಷೆಯೇ ಬೇಕಾಗುತ್ತಿರಲಿಲ್ಲ.

ದ್ವೀಪದ ಮೇಲೆ ಕೆಂಪು ಕಲ್ಲಿನ ಮಠದ ಅವಶೇಷ. ಅದು ಹನ್ನೆರಡನೆಯ ಶತಮಾನದ್ದು. ಮೊದಲಿನ ಮಠವನ್ನು ವೈಕಿಂಗರು 793ರಲ್ಲಿ ಸೂರೆ ಮಾಡಿದರು, ಮರುವರ್ಷ ಜಾರೋದ ಸರದಿ. ಗಾಳಿ ಎಷ್ಟಿತ್ತೆಂದರೆ ಮಗಳ ಮಾತು ನನಗೆ ಕೇಳಿಸದೆ ಸ್ಕಾಟ್ಲೆಂಡಿನ ಕಡೆಗೆ ಹೋಗುತ್ತಿತ್ತು. ಗೋಡೆಯ ಮರೆಯಲ್ಲಿ ಕುಳಿತು ಚಪಾತಿ ತಿಂದೆವು.

ಇಲ್ಲಿನ ಸಂತ ಕತ್‌ಬರ್ಟ್‌ನ ಜೀವನವನ್ನು ಬೀಡ್ ಪದ್ಯದಲ್ಲೊಮ್ಮೆ ಗದ್ಯದಲ್ಲೊಮ್ಮೆ ಬರೆದ. ಆದರೆ ನನಗೆ ಈ ದ್ವೀಪ ನೆನಪಿಸುವುದು ಹಬ್ಬದ ಜಗಳವನ್ನು. ಈಸ್ಟರ್ ಎಂದು ಮಾಡಬೇಕು ಎಂಬ ವಿಷಯದಲ್ಲಿ ಐರಿಷ್ ಪದ್ಧತಿಯವರಿಗೂ ರೋಮಿನ ಪದ್ಧತಿಯವರಿಗೂ ಲೆಕ್ಕ ಬೇರೆ. ರಾಜ ಓಸ್ವಿ ಹಬ್ಬದ ಊಟ ಮಾಡುತ್ತಿದ್ದರೆ, ರೋಮಿನ ಲೆಕ್ಕದ ರಾಣಿ ಅದೇ ಅರಮನೆಯಲ್ಲಿ ಇನ್ನೂ ಉಪವಾಸದಲ್ಲಿರುತ್ತಿದ್ದಳು. ಸ್ಮಾರ್ತ ಏಕಾದಶಿ ಒಂದು ದಿನ, ವೈಷ್ಣವ ಏಕಾದಶಿ ಮರುದಿನ ಬರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮನೆಯಲ್ಲಿ ಎರಡೂ ಬಂದರೆ ಅಡುಗೆ ಮಾಡುವವರ ಪಾಡು ಏನು! 664ರಲ್ಲಿ ವಿಟ್‌ಬಿಯಲ್ಲಿ ಸಭೆ ಸೇರಿ ರೋಮಿನ ಲೆಕ್ಕ ಗೆದ್ದಿತು. ಲಿಂಡಿಸ್‌ಫಾರ್ನಿನ ಬಿಷಪ್ ಕೋಲ್ಮನ್ ತನ್ನವರನ್ನು ಕಟ್ಟಿಕೊಂಡು ಹೊರಟುಹೋದ. ಬೀಡ್ ಗೆದ್ದವರ ಕಡೆಯವನು. ಆದರೂ ಕೋಲ್ಮನ್ ಬಿಟ್ಟುಹೋದ ಮಠದ ಬಡತನವನ್ನು, ಅವರಲ್ಲಿ ದನಕರುಗಳನ್ನು ಬಿಟ್ಟರೆ ಹಣವಿರಲಿಲ್ಲ ಎಂಬುದನ್ನು, ಎಷ್ಟು ಮರ್ಯಾದೆಯಿಂದ ಬರೆದಿದ್ದಾನೆ ಎಂದರೆ ಓದಿದವನು ಸೋತವರ ಕಡೆಗೆ ವಾಲುತ್ತಾನೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ನಾಡಿನ ಮೂಲನಿವಾಸಿಗಳಾದ ಬ್ರಿಟನ್ ಜನರ ಮೇಲೆ ಅವನಿಗೆ ಕರುಣೆಯಿಲ್ಲ. ಚೆಸ್ಟರಿನ ಯುದ್ಧದಲ್ಲಿ ಪ್ರಾರ್ಥನೆಗೆಂದು ಬಂದು ನಿಂತಿದ್ದ ಅವರ ಸುಮಾರು 1200 ಸನ್ಯಾಸಿಗಳನ್ನು ಎಥೆಲ್‌ಫ್ರಿತ್ ಎಂಬ ಇಂಗ್ಲಿಷ್ ರಾಜ ಕೊಲ್ಲಿಸಿದ. ಆ ರಾಜ ಕ್ರೈಸ್ತನೂ ಅಲ್ಲ. ಆದರೂ ಅದು ದೈವವಾಣಿ ಫಲಿಸಿದ್ದು ಎಂಬ ಧಾಟಿಯಲ್ಲಿ ಬೀಡ್ ಬರೆಯುತ್ತಾನೆ. ಆ ಪುಟವನ್ನು ನಾನು ಮೂರು ಸಲ ಓದಿದ್ದೇನೆ. ಮೂರು ಸಲವೂ ಪುಸ್ತಕ ಮುಚ್ಚಿ ಎದ್ದುಹೋಗಿದ್ದೇನೆ. ಆಕರಗಳ ಹೆಸರು ಹೇಳುವ ಪ್ರಾಮಾಣಿಕತೆ ಬೇರೆ, ಎದುರಾಳಿಯ ಹೆಣದ ಮುಂದೆ ಬರುವ ಪ್ರಾಮಾಣಿಕತೆ ಬೇರೆ ಎಂದು ಕಾಣುತ್ತದೆ.

ನೀರು ಏರುವ ಮುಂಚೆ, ವೇಳಾಪಟ್ಟಿಯಲ್ಲಿ ಇನ್ನೂ ಒಂದೂವರೆ ಗಂಟೆ ಬಾಕಿ ಇರುವಾಗಲೇ, ನಾನು ಮಗಳನ್ನು ಅವಸರಪಡಿಸಿ ಹೊರಡಿಸಿದೆ. ಫಲಕದ ಚಿತ್ರ ಕಣ್ಣಿಗೆ ಕಟ್ಟಿತ್ತು.

ಐದನೆಯ ದಿನ: ಡರಮ್

ಬೆಳಗಿನ ಜಾವ ಫೋನ್: ಹೆಣ್ಣು ಕರು. ನಾಮಕರಣ ನಾನು ಹೋದ ಮೇಲೆ.

ರೈಲಿನಲ್ಲಿ ಕಾಲು ಗಂಟೆ. ವೇರ್ ನದಿ ಮೂರು ಕಡೆ ಸುತ್ತಿ ಹರಿಯುವ ಗುಡ್ಡದ ನೆತ್ತಿಯ ಮೇಲೆ ಡರಮ್ ಕೆಥೆಡ್ರಲ್. 1093ರಲ್ಲಿ ಕೆಲಸ ಶುರುವಾದದ್ದು. ಒಳಗೆ ಹೋದರೆ ಕಂಬಗಳ ಗಾತ್ರಕ್ಕೆ ಕುತ್ತಿಗೆ ತಾನಾಗಿ ಹಿಂದಕ್ಕೆ ಬಾಗುತ್ತದೆ. ಪಶ್ಚಿಮ ತುದಿಯ ನೆಲದಲ್ಲಿ ಅಡ್ಡಕ್ಕೆ ಒಂದು ಕಪ್ಪು ಕಲ್ಲಿನ ಪಟ್ಟಿ. ಹಿಂದಿನ ಕಾಲದಲ್ಲಿ ಹೆಂಗಸರು ಅದನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ಮಗಳು ಅದರ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ನಿಂತು, ‘ನಮ್ಮಲ್ಲಿ ಗೆರೆ ಎಳೆಯುವ ಖರ್ಚೂ ಇರಲಿಲ್ಲ, ಅಲ್ಲವೇ ಅಪ್ಪಾ’ ಎಂದಳು. ನಾನು ಮೇಲಿನ ಕಮಾನುಗಳನ್ನು ನೋಡುತ್ತ ನಿಂತೆ.

ಗೆರೆಯ ಈಚೆಗೆ, ಹೆಂಗಸರಿಗೂ ಪ್ರವೇಶವಿದ್ದ ಗ್ಯಾಲಿಲೀ ಮಂಟಪದಲ್ಲಿ, ಬೀಡ್ ಇದ್ದಾನೆ. ತೆಳ್ಳನೆಯ ಕಂಬಗಳ, ಬೆಳಕು ಹೆಚ್ಚಿರುವ ಅಂಗಳದಂಥ ಜಾಗ. ನಡುವೆ ಸೊಂಟದೆತ್ತರದ ಸಾದಾ ಕಪ್ಪು ಹಾಸುಗಲ್ಲು, ಅದರ ಮೇಲೆ ಒಂದು ಸಾಲು ಲ್ಯಾಟಿನ್: ‘ಪೂಜ್ಯ ಬೀಡನ ಮೂಳೆಗಳು ಈ ಗುಳಿಯಲ್ಲಿವೆ.’ ಕೆತ್ತುವವನಿಗೆ ‘ಪೂಜ್ಯ’ ಎಂಬ ಶಬ್ದ ಹೊಳೆಯದೆ ಜಾಗ ಖಾಲಿ ಬಿಟ್ಟು ಮಲಗಿದನಂತೆ, ರಾತ್ರಿ ದೇವದೂತ ಬಂದು ತುಂಬಿದನಂತೆ. ಪದ್ಯದ ಗಣ ಸರಿಹೋಗದೆ ಒದ್ದಾಡಿದ ಕವಿ ಕಟ್ಟಿದ ಕಥೆ ಇರಬೇಕು.

ಸತ್ತದ್ದು ಜಾರೋದಲ್ಲಿ, ಮೂಳೆ ಇಲ್ಲಿಗೆ ಹೇಗೆ ಬಂತು? ಕದ್ದು ತಂದರು. ಸುಮಾರು 1020ರ ದಶಕದಲ್ಲಿ ಆಲ್ಫ್ರೆಡ್ ಎಂಬ ಡರಮ್‌ನ ಪಾದ್ರಿ ಪ್ರತಿವರ್ಷ ಬೀಡನ ಪುಣ್ಯತಿಥಿಗೆ ಜಾರೋಗೆ ಹೋಗುತ್ತಿದ್ದ. ಒಂದು ವರ್ಷ ಯಾರಿಗೂ ಹೇಳದೆ ನಸುಕಿನಲ್ಲೇ ಒಬ್ಬನೇ ಹಿಂದಿರುಗಿದ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಬೀಡನ ಮೂಳೆ ಎಲ್ಲಿ ಎಂದು ಯಾರಾದರೂ ಕೇಳಿದರೆ, ‘ಅದು ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ’ ಎನ್ನುತ್ತಿದ್ದನಂತೆ. ಬದುಕಿದ್ದಾಗ ಕದಲದವನನ್ನು ಸತ್ತ ಮುನ್ನೂರು ವರ್ಷಕ್ಕೆ ಚೀಲದಲ್ಲಿ ಹಾಕಿ ಪ್ರಯಾಣ ಮಾಡಿಸಿದರು. ಇಲ್ಲಿಯೂ ಮೊದಲು ಕತ್‌ಬರ್ಟ್‌ನ ಪೆಟ್ಟಿಗೆಯಲ್ಲೇ ಇಟ್ಟಿದ್ದು, 1370ರಲ್ಲಿ ಈ ಮಂಟಪಕ್ಕೆ ತಂದರು.

ಕಂಬಕ್ಕೆ ಒರಗಿ ಕುಳಿತು, ಅವನ ಕೊನೆಯ ದಿನಗಳ ಬಗ್ಗೆ ಶಿಷ್ಯನೊಬ್ಬ ಬರೆದ ಪತ್ರವನ್ನು ಮಗಳಿಗೆ ಹೇಳಿದೆ. 735ರ ಮೇ. ಉಸಿರಾಟದ ತೊಂದರೆ, ಕಾಲಿನಲ್ಲಿ ಊತ. ಆದರೂ ಯೋಹಾನನ ಸುವಾರ್ತೆಯನ್ನು ಜನರ ಮಾತಾದ ಇಂಗ್ಲಿಷಿಗೆ ತರುತ್ತ, ಹೇಳಿ ಬರೆಸುತ್ತಿದ್ದ. ಬುಧವಾರ ಮಧ್ಯಾಹ್ನ, ‘ನನ್ನ ಪೆಟ್ಟಿಗೆಯಲ್ಲಿ ಬೆಲೆಯುಳ್ಳ ಕೆಲವು ವಸ್ತುಗಳಿವೆ, ಮಠದ ಪಾದ್ರಿಗಳನ್ನು ಕರೆ, ಹಂಚುತ್ತೇನೆ’ ಎಂದ. ಸಂಜೆ ಬರೆಯುತ್ತಿದ್ದ ಹುಡುಗ, ಇನ್ನೊಂದು ವಾಕ್ಯ ಬಾಕಿ ಇದೆ ಎಂದ. ಬರೆದಾಯಿತು. ತಾನು ಪ್ರಾರ್ಥನೆ ಮಾಡುತ್ತಿದ್ದ ಜಾಗಕ್ಕೆ ಎದುರಾಗಿ ಕೋಣೆಯ ನೆಲದ ಮೇಲೆ ಕೂರಿಸಿಕೊಂಡು, ಹಾಡುತ್ತ ಹೋದ.

‘ಪೆಟ್ಟಿಗೆಯಲ್ಲಿ ಏನಿತ್ತು?’

‘ಮೂರು ವಸ್ತು. ಕಾಳುಮೆಣಸು, ಕರವಸ್ತ್ರ ಮತ್ತು ಧೂಪ.’

ಮಗಳು ನನ್ನ ಮುಖವನ್ನೇ ನೋಡಿದಳು. ಅರುವತ್ತೆರಡು ವರ್ಷ ಬದುಕಿ ಒಂದು ಜನಾಂಗದ ಇತಿಹಾಸ ಬರೆದವನು ಬಿಟ್ಟುಹೋದ ಆಸ್ತಿಯಲ್ಲಿ ಮೊದಲ ಹೆಸರು ಮೆಣಸಿನದು. ಆ ಕಾಲದಲ್ಲಿ ಯುರೋಪಿಗೆ ಹೋಗುತ್ತಿದ್ದ ಕಾಳುಮೆಣಸಿನ ಮೂಲ ನಮ್ಮ ಪಡುಘಟ್ಟದ ಕಾಡು ಮತ್ತು ಕರಾವಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇದಾಗಿ ಎಂಟು ಶತಮಾನಗಳ ಮೇಲೆ. ಬಾದಾಮಿಯಲ್ಲಿ ಇಮ್ಮಡಿ ವಿಕ್ರಮಾದಿತ್ಯ ಆಳುತ್ತಿದ್ದ ಕಾಲಕ್ಕೆ, ಯಾವ ಬೆಟ್ಟದ ಯಾವ ಬಳ್ಳಿಯಿಂದಲೋ ಹೊರಟ ನಾಲ್ಕು ಕಾಳು ಹಡಗು, ಒಂಟೆ, ಮತ್ತೆ ಹಡಗು ಹತ್ತಿ, ಹತ್ತಾರು ಕೈ ದಾಟಿ, ಟೈನ್ ನದಿಯ ಕೆಸರು ದಂಡೆಯ ಮಠದಲ್ಲಿ ಮರದ ಪೆಟ್ಟಿಗೆ ಸೇರಿದ್ದವು. ಅವನು ಹೊರಗೆ ಹೋಗಲಿಲ್ಲ, ಸರಿ. ಹೊರಗಿನದು ಬಂತು.

ಮಂಟಪದಲ್ಲಿ ಸಂದರ್ಶಕರಿಗೆ ವಿವರ ಹೇಳಲು ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ನಾವು ಅಷ್ಟು ಹೊತ್ತು ಕುಳಿತದ್ದನ್ನು ನೋಡಿ ಹತ್ತಿರ ಬಂದು ಮಾತನಾಡಿಸಿದರು. ನನ್ನ ಕೋಟಿನ ಜೇಬಿನಲ್ಲಿ ಕೆಮ್ಮಿಗೆಂದು ಇಟ್ಟುಕೊಂಡಿದ್ದ ಕಾಳುಗಳಿದ್ದವು. ಅಂಗೈಯಲ್ಲಿ ಹಿಡಿದು ತೋರಿಸಿದೆ. ಮಗಳು ನಮ್ಮ ತೋಟದ ಕಥೆ ಹೇಳಿದಳು.

‘ಹಾಗಾದರೆ ಬೀಡ್ ಹಂಚಿದ್ದು ಇದನ್ನೇ?’ ಎಂದು ಅವರು ಕಣ್ಣರಳಿಸಿದರು.

ಹೌದು ಎನ್ನಲು ಬಾಯಿ ತುದಿಯವರೆಗೆ ಬಂದಿತ್ತು. ಎದುರಿಗೆ ಆ ಹಾಸುಗಲ್ಲು. ‘ನಮ್ಮ ಬೆಟ್ಟದ್ದೇ ಎಂದು ಹೇಳಲಾರೆ. ನಮ್ಮ ಘಟ್ಟದ ಸಾಲಿನದ್ದು ಇರಬೇಕು’ ಎಂದೆ.

ಅವರು ಒಂದು ಕಾಳನ್ನು ಮೂಸಿ ನೋಡಿದರು. ಆರೇಳು ಕಾಳನ್ನು ಅವರ ಕೈಗೆ ಹಾಕಿದೆ. ಎಲ್ಲಿ ಇಟ್ಟುಕೊಳ್ಳುವುದೆಂದು ಆಚೀಚೆ ನೋಡಿ, ತೋಳಿನ ಮಡಿಕೆಯಿಂದ ಕರವಸ್ತ್ರ ಎಳೆದು, ಅದರ ಮೂಲೆಯಲ್ಲಿ ಗಂಟು ಕಟ್ಟಿದರು. ನಮ್ಮ ಅಜ್ಜಿಯಂದಿರು ಸೆರಗಿನ ತುದಿಗೆ ಚಿಲ್ಲರೆ ಕಟ್ಟಿಕೊಳ್ಳುವಂತೆಯೇ.

‘ಮೆಣಸು ಆಯಿತು, ಕರವಸ್ತ್ರ ಆಯಿತು’ ಎಂದು ಮಗಳು ಕನ್ನಡದಲ್ಲಿ ಪಿಸುಗುಟ್ಟಿದಳು. ‘ಧೂಪಕ್ಕೆ ಏನು ಮಾಡುತ್ತೀಯಪ್ಪಾ?’

ಅವಳ ಅಮ್ಮ ಕಟ್ಟಿಕೊಟ್ಟ ಊದಿನಕಡ್ಡಿಯ ಪೊಟ್ಟಣ ನ್ಯೂಕ್ಯಾಸಲ್‌ನ ಮನೆಯಲ್ಲಿ, ಸೂಟ್‌ಕೇಸಿನ ತಳದಲ್ಲಿ ಉಳಿದಿತ್ತು.